ಎರಡನೇ ಸಾಲಿನ ಇಲಿಗಳು

ಇಲಿಯನ್ನು ಹಿಡಿಯುವುದು ಹೇಗೆಂದು ನನಗೆ ಕಲಿಸಿದವರು ಅಮರಯ್ಯನವರು. ನಗಬೇಡಿ. ಔಷಧಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಲು ಹೊರಟವಳಿಗೆ ಅದೊಂದು ಬರದಿದ್ದರೆ ಮಿಕ್ಕದ್ದೆಲ್ಲ ಬಂದೂ ಪ್ರಯೋಜನವಿಲ್ಲ. ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಪಾಠ ಮಾಡುತ್ತಿದ್ದೆ. ಅರ್ಧಕ್ಕೇ ನಿಲ್ಲಿಸಿ ವರಾಂಡಕ್ಕೆ ಬಂದು ಗೋಡೆ ಕಡೆ ಮುಖ ಮಾಡಿ ಅತ್ತೆ. ಹುಡುಗಿಯರು ಹಿಂದೆಯೇ ಬಂದು 'ಏಮೈಂದಿ ಮೇಡಂ?' ಎಂದು ತೆಲುಗಿನಲ್ಲಿ ಕೇಳಿದರು. ನಾನು ಓದಿದ ಕಾಲೇಜಿನಲ್ಲಿ ಇಲಿ ನೋಡಿಕೊಳ್ಳುತ್ತಿದ್ದವರು ಹೋಗಿಬಿಟ್ಟರು ಎಂದರೆ ಅವರಿಗೆ ಏನು ತಿಳಿಯಬೇಕು? ನಮ್ಮ ಕಡೆಯ ಹಿರಿಯರು ಎಂದಷ್ಟೇ ಹೇಳಿದೆ.

2016ರ ಮಾತು. ಹೈದರಾಬಾದಿನ ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಗೋಡೆಯಿಂದ ಈಚೆಗೆ, ನಮ್ಮದೊಂದು ಸಣ್ಣ ಫಾರ್ಮಸಿ ಕಾಲೇಜು. ಅದರ ಹಿತ್ತಲಲ್ಲಿ ಪ್ರಾಣಿಮನೆ. ಹೊಟ್ಟು, ಫಿನಾಯಿಲು, ಇಲಿಯ ಉಚ್ಚೆ, ಇವು ಮೂರೂ ಕಲೆತ ವಾಸನೆ ಗೇಟಿನಲ್ಲೇ ಮೂಗಿಗೆ ಬಡಿಯುತ್ತಿತ್ತು. ಆಗ ಮೂಗು ಮುಚ್ಚಿಕೊಂಡು ಓಡಾಡಿದವಳು ನಾನು. ಈಗ ಯಾವುದಾದರೂ ಕಾಲೇಜಿನ ಪ್ರಾಣಿಮನೆಗೆ ಪರೀಕ್ಷಕಳಾಗಿ ಹೋದರೆ ಬಾಗಿಲಲ್ಲಿ ಒಂದು ಗಳಿಗೆ ನಿಂತು ಆ ವಾಸನೆಯನ್ನು ಎಳೆದುಕೊಳ್ಳುತ್ತೇನೆ. ಜೊತೆಗಿದ್ದವರು ಇವಳಿಗೆ ತಲೆ ನೆಟ್ಟಗಿದೆಯೇ ಎಂದು ನೋಡುತ್ತಾರೆ.

ಮೊದಲ ದಿನ ನಾನು ಇಲಿಯನ್ನು ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಎತ್ತಿದೆ. ಅದು ಹೆಬ್ಬೆರಳಿಗೆ ಹಲ್ಲು ಊರಿತು. 'ಅಯ್ಯಯ್ಯವ್ವಾ, ಸತ್ತೆ!' ಎಂದು ಕಿರುಚಿದೆ. ಅಲ್ಲಿಯವರೆಗೆ ನನ್ನೊಂದಿಗೆ ಹಿಂದಿಯಲ್ಲಿ ಮಾತಾಡುತ್ತಿದ್ದ, ಖಾಕಿ ಅಂಗಿಯ, ಹಣೆಗೆ ವಿಭೂತಿ ಹಚ್ಚಿದ ಆ ಐವತ್ತೈದರ ಆಸಾಮಿ ಬಕೀಟು ಕೆಳಗಿಟ್ಟು ಕಣ್ಣರಳಿಸಿದರು.

'ನಮ್ಮ ಪೈಕಿ ಏನ್ರಿ ಅಕ್ಕಾರ? ಮದಲ ಹೇಳಬಾರದೇನ್ರಿ!'

'ಇಲಿ ಬಿಡಸ್ರಿ ಮದಲ!' ಎಂದೆ ನಾನು.

ಅವರು ಇಲಿಯ ಕುತ್ತಿಗೆಯ ಹಿಂದೆ ಎರಡು ಬೆರಳಿಟ್ಟರು, ಒತ್ತಲೂ ಇಲ್ಲ, ಎಳೆಯಲೂ ಇಲ್ಲ. ಅದು ತಾನಾಗಿ ಬಾಯಿ ಬಿಟ್ಟು ಅವರ ಅಂಗೈಯಲ್ಲಿ ಕೂತಿತು. 'ನೀವು ಅಂಜಿದ್ರ ಅದೂ ಅಂಜತೈತ್ರಿ. ಹೆಗಲ ಹಿಂದಿಂದ ಹಿಂಗ ಕೈ ತರ್ರಿ. ಮನಿ ಕೂಸಿನ್ನ ಎತ್ತಿಕೊಂಡಂಗ' ಎಂದು ತೋರಿಸಿಕೊಟ್ಟರು. ಆಮೇಲೆ ಇಲಿಗೂ ಬೈದರು: 'ಏನ್ ಧಾಡಿ ಆಗೈತೊ ನಿನಗ? ಅಕ್ಕಾರಿಗೆ ಕಚ್ಚತೀಯೇನು?'

ಅವರ ತಂದೆ ಲಿಂಗಸುಗೂರಿನ ಕಡೆಯಿಂದ ರೈಲ್ವೆ ಗ್ಯಾಂಗಿನ ಕೆಲಸಕ್ಕೆಂದು ಮಲ್ಕಾಜ್‌ಗಿರಿಗೆ ಬಂದವರು. ಅಮರಯ್ಯ ಹುಟ್ಟಿದ್ದೂ ಬೆಳೆದದ್ದೂ ಅಲ್ಲಿಯೇ. ಮೇಲಿನವರೊಂದಿಗೆ ತೆಲುಗು, ಹೊಟ್ಟು ತರುವ ಬಂಡಿಯವನೊಂದಿಗೆ ದಖನಿ, ಮನೆಯಲ್ಲಿ ಹೆಂಡತಿ ಗದಿಗೆಮ್ಮನವರೊಂದಿಗೆ ಕನ್ನಡ, ಇಲ್ಲಿ ಇಲಿಗಳೊಂದಿಗೂ ಕನ್ನಡ. ನಾನು ಕುಷಾಯಿಗೂಡದವಳು. ನಮ್ಮಪ್ಪ ಮಲ್ಲಪ್ಪ ಗದಗಿನ ಕಡೆಯಿಂದ ಬಂದು ಅಲ್ಲಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದವರು. ಕಾಲೇಜಿನಲ್ಲಿ ಕನ್ನಡ ಕಿವಿಗೆ ಬೀಳುವುದೇ ಇಲ್ಲ ಎಂದುಕೊಂಡಿದ್ದ ನನಗೆ ಆ ಪ್ರಾಣಿಮನೆ ತವರಿನಂತಾಯಿತು.

ನನ್ನ ವಿಷಯ ತಂಗಡಿ ಹೂವು. ಹೈದರಾಬಾದಿನ ಬಂಡೆಗಳ ಸಂದಿಯಲ್ಲಿ, ರೈಲುಹಳಿಯ ಪಕ್ಕದಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಹಳದಿಯಾಗಿ ಅರಳುತ್ತದಲ್ಲ, ಅದೇ. ನಮ್ಮಜ್ಜಿಗೆ ಸಕ್ಕರೆ ಕಾಯಿಲೆ ಬಂದಾಗ ಗದಗಿನಲ್ಲಿ ಯಾರೋ ಹೇಳಿದರೆಂದು ಆ ಹೂವನ್ನು ಒಣಗಿಸಿ ಕಷಾಯ ಕುಡಿದಳು. ಎಂಬತ್ತನಾಲ್ಕು ವರ್ಷ ಬದುಕಿದಳು. ಇದನ್ನು ನಾನು ನನ್ನ ಗೈಡ್ ಸ್ನೇಹಲತಾ ಮೇಡಂ ಮುಂದೆ ದೊಡ್ಡ ಪುರಾವೆಯೆಂಬಂತೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಸಕ್ಕರೆ ಇಳಿದದ್ದು ಹೂವಿನಿಂದಲೋ, ನಿಮ್ಮಜ್ಜಿ ಹೋಳಿಗೆ ಬಿಟ್ಟದ್ದರಿಂದಲೋ, ಯಾರು ಕಂಡರು ಎಂದರು. ನನಗೆ ಮೈ ಉರಿಯಿತು. ಆದರೆ ಮಾತು ಸರಿಯಾಗಿಯೇ ಇತ್ತು.

ಅದಕ್ಕೇ ಪ್ರಯೋಗ. ಇಪ್ಪತ್ತನಾಲ್ಕು ಇಲಿ, ಆರಾರರಂತೆ ನಾಲ್ಕು ಸಾಲು ಪಂಜರ. ಮೊದಲ ಸಾಲಿನವು ಆರೋಗ್ಯದ ಇಲಿಗಳು. ಉಳಿದ ಮೂರು ಸಾಲಿಗೆ ಒಂದು ಇಂಜೆಕ್ಷನ್ ಕೊಟ್ಟು ಸಕ್ಕರೆ ಕಾಯಿಲೆ ಬರಿಸಬೇಕು. ನಲವತ್ತೈದು ದಿನ, ದಿನಾ ಬೆಳಿಗ್ಗೆ, ಎರಡನೇ ಸಾಲಿಗೆ ಬರೀ ನೀರು, ಮೂರನೆಯದಕ್ಕೆ ತಂಗಡಿ ಹೂವಿನ ಸಾರ, ನಾಲ್ಕನೆಯದಕ್ಕೆ ವೈದ್ಯರು ಕೊಡುವ ಗುಳಿಗೆಯ ಪುಡಿ. ಎರಡನೇ ಸಾಲಿನ ಸಕ್ಕರೆ ಏರಿದಲ್ಲೇ ಇದ್ದು, ಮೂರನೆಯದರದ್ದು ಇಳಿದರೆ ಹೂವಿಗೆ ಗುಣವಿದೆ ಎಂದರ್ಥ. ನನ್ನ ಸಂಶೋಧನಾ ವೇತನ ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಇದು ಸಿಕ್ಕರೆ ಪದವಿ, ಇಲ್ಲದಿದ್ದರೆ ನಾಲ್ಕು ವರ್ಷ ನೀರಿಗೆ ಹಾಕಿದಂತೆ.

ಹೂವು ಕೀಳಲು ಅಮರಯ್ಯನವರೇ ಮೌಲಾಲಿ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದರು. ಹೂವನ್ನೇ ಪೇರಿಸಿ ಪೂಜಿಸುವ ಬತುಕಮ್ಮ ಹಬ್ಬಕ್ಕೆ ಇನ್ನೂ ವಾರವಿತ್ತು, ಹಬ್ಬ ಬಂದರೆ ಊರಿನ ಹೆಂಗಸರು ಒಂದು ಹೂವನ್ನೂ ಉಳಿಸುವುದಿಲ್ಲ. ನಾನು ಆಸೆಬುರುಕಿಯಂತೆ ಗಿಡ ಬೋಳಿಸತೊಡಗಿದೆ. ಅವರು, 'ಅರ್ಧಾ ಬಿಡ್ರಿ ಅಕ್ಕಾರ. ಹಿಂದ ಬರೋರಿಗೂ ಬೇಕಲ್ರಿ' ಎಂದರು. ಮಧ್ಯಾಹ್ನ ಬಂಡೆಯ ನೆರಳಲ್ಲಿ ಕೂತು ಗದಿಗೆಮ್ಮನವರು ಕಟ್ಟಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದೆವು. ಕೆಳಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಅಷ್ಟು ರುಚಿಯಾದ ಊಟವನ್ನು ನಾನು ಆಮೇಲೆ ಎಲ್ಲೂ ಉಂಡಿಲ್ಲ, ಸುಳ್ಳು ಹೇಳುವುದಿಲ್ಲ.

ಇಲಿಯ ಗಂಟಲಿಗೆ ಔಷಧ ಇಳಿಸಲು ತುದಿಯಲ್ಲಿ ಗುಂಡು ಇರುವ ಉದ್ದನೆಯ ಸೂಜಿ ಇದೆ. ಕೈ ಒಂದಿಷ್ಟು ಅಲುಗಿದರೆ ಔಷಧ ಪುಪ್ಪುಸಕ್ಕೆ ಹೋಗಿ ಇಲಿ ಸಾಯುತ್ತದೆ. ನನ್ನ ಕೈ ಅಲುಗುತ್ತಿತ್ತು, ಅಮರಯ್ಯನವರದು ಅಲುಗುತ್ತಿರಲಿಲ್ಲ. ಆದ್ದರಿಂದ ಬೆಳಗಿನ ಏಳು ಗಂಟೆಯ ಆ ಕೆಲಸ ಅವರದಾಯಿತು. ನಾನು ಸಾರ ತಯಾರಿಸಿ ಬಾಟ್ಲಿಯಲ್ಲಿ ತುಂಬಿಟ್ಟು, ವಾರಕ್ಕೊಮ್ಮೆ ಬಾಲದ ತುದಿಯಿಂದ ರಕ್ತ ತೆಗೆದು ಸಕ್ಕರೆ ಅಳೆಯುತ್ತಿದ್ದೆ.

ಮೂರನೇ ವಾರದಿಂದಲೇ ನಾನು ಒಂದೇ ರಕ್ತವನ್ನು ಎರಡೆರಡು ಸಲ ಅಳೆಯತೊಡಗಿದೆ. ಮೂರನೇ ಸಾಲಿನ ಸಕ್ಕರೆ ಇಳಿಯುತ್ತಿತ್ತು, ಸರಿ. ಎರಡನೇ ಸಾಲಿನದೂ ಇಳಿಯುತ್ತಿತ್ತು! ಬರೀ ನೀರು ಕುಡಿದು ಸಕ್ಕರೆ ಇಳಿಯುವುದೆಂದರೇನು? ನಲವತ್ತೈದನೇ ದಿನ ಎರಡೂ ಸಾಲು ಹೆಚ್ಚುಕಡಿಮೆ ಒಂದೇ ಅಂಕಿಗೆ ಬಂದು ನಿಂತವು. ಸ್ನೇಹಲತಾ ಮೇಡಂ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, 'ಏಂಟಿ ವಿಶಾಲಾ ಇದಿ?' ಎಂದರು. ಕಾಯಿಲೆ ಬರಿಸುವ ಇಂಜೆಕ್ಷನ್ನನ್ನೇ ನೀನು ನೆಟ್ಟಗೆ ಕೊಟ್ಟಿಲ್ಲ, ಕಾಯಿಲೆ ತಾನಾಗಿ ವಾಸಿಯಾಗಿದೆ, ಇಂಥ ಕೈ ಇಟ್ಟುಕೊಂಡು ಈ ಕೆಲಸಕ್ಕೆ ಬರಬಾರದಿತ್ತು ಎಂದು ಎಲ್ಲರ ಮುಂದೆ ಅಂದರು.

ನಾನು ಪ್ರಾಣಿಮನೆಗೆ ಹೋಗಿ ಹೊಟ್ಟಿನ ಚೀಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಅಮರಯ್ಯ ಚಹಾ ತಂದಿಟ್ಟರು.

'ಯಾಕ್ರಿ ಅಕ್ಕಾರ, ಯಾರರ ಏನರ ಅಂದ್ರೇನು?'

'ಎರಡನೇ ಸಾಲಿಂದು ಇಳೀಬಾರದಿತ್ರಿ ಅಮರಯ್ಯಾರ. ನನ್ನ ಪ್ರಯೋಗ ಹಾಳಾತು.'

ಅವರ ಮುಖ ಅರಳಿತು. ದೇವರಾಣೆಗೂ ಅರಳಿತು.

'ಇಳೀದ ಏನ್ಮಾಡ್ತಾವ್ರಿ? ಅವಕ್ಕೂ ದಿನಾ ಕೊಡಾಕತ್ತಿದ್ದೆನಲ್ಲ!'

'ಏನು ಕೊಡಾಕತ್ತಿದ್ರಿ?'

'ಹೂವಿನ ರಸಾರಿ. ಹನ್ನೆರಡಕ್ಕೂ ಸಮಾ ಹಂಚಿ ಕೊಟ್ಟೀನಿ. ಒಂದಕ್ಕ ಹೆಚ್ಚಿಲ್ಲ, ಒಂದಕ್ಕ ಕಡಿಮಿಲ್ಲ.'

ನಾನು ಚೀಲದಿಂದ ಎದ್ದು ನಿಂತೆ. ಅವರಿನ್ನೂ ಹೇಳುತ್ತಲೇ ಇದ್ದರು: 'ಮೂರನೇದಕ್ಕ ರಸ, ನಾಕನೇದಕ್ಕ ಗುಳಿಗಿ, ಬಾಜೂಕ ಕುಂತ ಎರಡನೇದಕ್ಕ ಬರೇ ನೀರು ಹಾಕೂದು ಹ್ಯಾಂಗ್ರಿ? ಅವಕ್ಕೂ ಅದ ಜಡ್ಡು. ನೀವು ಓದೋ ಗಡಿಬಿಡಿಯಾಗ ಮರತಿರಿ ಅಂದ್ಕೊಂಡೆ. ಒಂದ ಪಂಕ್ತ್ಯಾಗ ಕುಂಡ್ರಿಸಿ ಒಬ್ಬರಿಗೆ ಹುಗ್ಗಿ, ಒಬ್ಬರಿಗೆ ನೀರು ಅಂದ್ರ, ಆ ಪಾಪ ನಿಮಗೂ ಬ್ಯಾಡ, ನನಗೂ ಬ್ಯಾಡ.'

ಪಂಕ್ತಿಭೇದ! ಇಲಿಗಳಲ್ಲೂ ಅದು ಕೂಡದೆಂದು ಬೇರೆ ಊರಿನ, ಬೇರೆ ಜನರ ಪ್ರಾಣಿಮನೆಯಲ್ಲಿ ಯಾರಾದರೂ ಅನ್ನುತ್ತಿದ್ದರೇ? ಮಲ್ಕಾಜ್‌ಗಿರಿಯಲ್ಲಿ ನಮ್ಮವರದೊಂದು ಬಸವ ಮಂಟಪವಿದೆ. ಶ್ರಾವಣ ಸೋಮವಾರ ಅಲ್ಲಿ ದಾಸೋಹ. ಇಪ್ಪತ್ತೈದು ವರ್ಷದಿಂದ ಗೋಧಿಹುಗ್ಗಿಯ ಸೌಟು ಅಮರಯ್ಯನವರ ಕೈಯಲ್ಲಿತ್ತು. ಪಂಕ್ತಿಯಲ್ಲಿ ಕೂತವರು ಯಾರೇ ಆಗಲಿ, ಎಲ್ಲರಿಗೂ ಮೊದಲ ಸಲ ಬೀಳುವವರೆಗೆ ಯಾರಿಗೂ ಎರಡನೇ ಸಲವಿಲ್ಲ. ಒಮ್ಮೆ ಮಂಟಪದ ಅಧ್ಯಕ್ಷರ ಅಳಿಯ ತುಪ್ಪ ಹೆಚ್ಚು ಕೇಳಿದ್ದಕ್ಕೆ, 'ಬಾಜೂದವರಿಗೆ ಹಾಕಿ ಬರ್ತೀನಿ, ತಡೀರಿ' ಎಂದು ಅಷ್ಟು ಜನರ ಮುಂದೆ ಹೇಳಿದ್ದರಂತೆ. ಅಧ್ಯಕ್ಷರೇ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದರು.

ಆದರೆ ಆ ಹೊತ್ತಿಗೆ ನನಗೆ ಹೆಮ್ಮೆಪಡುವ ಬುದ್ಧಿಯಿರಲಿಲ್ಲ. ನನ್ನ ಬಾಯಿ ಬಲು ಕೆಟ್ಟದ್ದು, ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. 'ಇವು ಇಲಿ ಅಮರಯ್ಯಾರ, ಇಲಿ! ನಿಮ್ಮ ಬೀಗರಲ್ಲ! ದಾಸೋಹಾ ಮಾಡೂದಿದ್ರ ಮಂಟಪದಾಗ ಮಾಡ್ರಿ. ನನ್ನ ಬಾಯಾಗ ಮಣ್ಣು ಹಾಕಿದ್ರಿ!' ಎಂದು ಅರಚಿದೆ. ಚಹಾದ ಗ್ಲಾಸು ಕಾಲಿಗೆ ತಾಗಿ ಉರುಳಿತು. ತಂದೆಯ ವಯಸ್ಸಿನವರು, ಅಂಗಿಯ ತೋಳಿನಿಂದ ಹಣೆ ಒರೆಸಿಕೊಳ್ಳುತ್ತ ನಿಂತರು. ಇವತ್ತು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಸ್ನೇಹಲತಾ ಮೇಡಂಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಸಿಡಿದರು. ಆ ಮನುಷ್ಯನನ್ನು ಈ ಕೆಲಸದಿಂದ ತೆಗೆ, ಬೇರೆಯವರನ್ನು ಹಾಕು ಎಂದರು. ಹೊಸ ಇಲಿಗಳಿಗೆ ಪ್ರಾಣಿಪ್ರಯೋಗದ ಸಮಿತಿಯ ಒಪ್ಪಿಗೆ ಬರೆಸಿಕೊಟ್ಟರು. ಜನವರಿಯಲ್ಲಿ ಶುರುವಾದರೆ ಮಾರ್ಚಿಗೆ ಮುಗಿಯುತ್ತದೆ, ಇನ್ನೊಂದು ಅವಕಾಶವಿಲ್ಲ ಎಂದರು.

ನಾನು ಅಮರಯ್ಯನವರೇ ಬೇಕೆಂದು ಹಟ ಹಿಡಿದೆ. ದಯೆಯಿಂದಲ್ಲ, ಸ್ವಾರ್ಥದಿಂದ. ಬೇರೆಯವರ ಕೈಯಲ್ಲಿ ಇಲಿ ಹೆದರಿ ಒದ್ದಾಡುತ್ತದೆ, ಹೆದರಿದ ಇಲಿಗೆ ಸಕ್ಕರೆ ಏರುತ್ತದೆ, ಲೆಕ್ಕ ಕೆಡುತ್ತದೆ. ಅವರ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಒಂದು ಸಾಲು ನೀರನ್ನೇ ಕುಡಿದರೆ ಮಾತ್ರ ಇನ್ನೊಂದು ಸಾಲು ಹೂವಿನಿಂದ ಸುಧಾರಿಸಿತೆಂದು ಹೇಳಲು ಬರುತ್ತದೆ, ಇಲ್ಲದಿದ್ದರೆ ನಮ್ಮಜ್ಜಿಯ ಕಥೆಯೇ ಆಗುತ್ತದೆ ಎಂದೆ. ಅವರು ಎರಡನೇ ಸಾಲಿನ ಪಂಜರಗಳ ಕಡೆ ನೋಡಿದರು.

'ಇದರಿಂದ ಜಡ್ಡಿನ ಮಂದಿಗೆ ಚೊಲೊ ಆಗತೈತೇನ್ರಿ?'

'ಆಗಬಹುದ್ರಿ.'

'ಆಗಬಹುದೋ, ಆಗತೈತೋ?'

'ಗೊತ್ತಿಲ್ರಿ. ಗೊತ್ತು ಮಾಡ್ಕೊಳ್ಳಾಕ ಮಾಡಾಕತ್ತೀವಿ. ನೀವು ಒಲ್ಲೆ ಅಂದ್ರ ನನ್ನ ಓದು ಇಲ್ಲಿಗೆ ಮುಗೀತು' ಎಂದೆ. ಆ ಕೊನೆಯ ಮಾತನ್ನು ಬೇಕೆಂದೇ ಹೇಳಿದ್ದು.

ಎರಡು ದಿನ ರಜೆ ಹಾಕಿದರು. ಮೂರನೇ ದಿನ ಬಂದು, 'ಆತು ಬಿಡ್ರಿ, ಮಾಡ್ತೀನಿ' ಎಂದರು.

ಮಾಡಿದರು. ಆ ನಲವತ್ತೈದು ದಿನ ಪ್ರಾಣಿಮನೆಯಲ್ಲಿ ಕನ್ನಡ ನಿಂತುಹೋಯಿತು. ಅವರು ಇಲಿಗಳಿಗೆ ಬೈಯಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಎರಡನೇ ಸಾಲಿನ ಪಂಜರಗಳನ್ನು ದಿನಕ್ಕೆ ಮೂರು ಸಲ ಒಣಗಿಸುತ್ತಿದ್ದರು, ಸಕ್ಕರೆ ಏರಿದ ಇಲಿ ಕುಡಿದು ಕುಡಿದು ಉಚ್ಚೆಯಲ್ಲೇ ಮಲಗುತ್ತದೆ. ನಾನು ಮಾತ್ರ ಅನುಮಾನದ ಪ್ರಾಣಿ. ಸಾರದ ಬಾಟ್ಲಿಯ ಮೇಲೆ ಪೆನ್ನಿನಿಂದ ಗೆರೆ ಹಾಕಿಟ್ಟು ಸಂಜೆ ಅಳೆದು ನೋಡುತ್ತಿದ್ದೆ. ಒಂದು ದಿನ ಅವರು ಆ ಗೆರೆಯನ್ನು ನೋಡಿದರು. 'ಬರೋಬ್ಬರಿ ಐತೇನ್ರಿ ಅಕ್ಕಾರ?' ಎಂದು ಕೇಳಿದರು. 

ಎರಡನೇ ಸಾಲಿನಲ್ಲಿ ಎರಡು ಇಲಿ ಸತ್ತವು. ಅವನ್ನು ಅವರೇ ಎತ್ತಿ, ತೂಕ ಬರೆಸಿ, ಚೀಲಕ್ಕೆ ಹಾಕಿದರು. ಉಳಿದ ನಾಲ್ಕರ ಸಕ್ಕರೆ ಏರಿದಲ್ಲೇ ನಿಂತಿತ್ತು. ಮೂರನೇ ಸಾಲಿನದು ಇಳಿಯುತ್ತ ಇಳಿಯುತ್ತ ಗುಳಿಗೆಯ ಸಾಲಿನ ಹತ್ತಿರಕ್ಕೆ ಬಂದಿತ್ತು. ನಾನು ಅಂಕಿಗಳನ್ನು ನೋಡಿ ಕುಣಿದೆ. ಸ್ನೇಹಲತಾ ಮೇಡಂ ಬೆನ್ನು ತಟ್ಟಿದರು. ಅಮರಯ್ಯ, 'ನಿಮ್ಮ ಕೆಲಸ ಆತಲ್ರಿ, ಸಾಕು' ಎಂದರು.

ಕೊನೆಗೆ ಎಲ್ಲ ಇಲಿಗಳಿಗೂ ಅರಿವಳಿಕೆ ಕೊಟ್ಟು ಒಳಗಿನ ಅಂಗಗಳನ್ನು ಪರೀಕ್ಷಿಸಬೇಕು. ಆ ದಿನ ಇವರು ಹೇಗೆ ತಡೆದುಕೊಳ್ಳುತ್ತಾರೋ ಎಂದು ನಾನು ಹೆದರಿದ್ದೆ. ಅವರು ಒಂದೊಂದನ್ನೇ ತಂದು ಕೊಟ್ಟರು. 'ಸಾವು ನಾಕೂ ಸಾಲಿಗೂ ಸಮಾ ಬಂತು ಬಿಡ್ರಿ' ಎಂದರು. ಅವರ ಸಂಕಟ ಸಾವಿನದಲ್ಲ ಎಂದು ನನಗೆ ಆಗ ಅರ್ಥವಾಯಿತು. ಅರ್ಥವಾದರೂ ಪ್ರಬಂಧ ಬರೆಯುವ ಗಡಿಬಿಡಿಯಲ್ಲಿ ಮರೆತೆ.

ಪದವಿ ಬಂತು. ನನ್ನ ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಹೂವು ಔಷಧವಾಗಿ ಯಾರ ಮನೆಗೂ ಹೋಗಲಿಲ್ಲ. ಇಲಿಗೆ ಆದದ್ದು ಮನುಷ್ಯರಿಗೂ ಆಗಬೇಕೆಂದೇನಿಲ್ಲ, ಮುಂದಿನ ಪರೀಕ್ಷೆಗಳನ್ನು ಯಾರೂ ಮಾಡಲಿಲ್ಲ. ನಮ್ಮಪ್ಪ ಮಾತ್ರ ತಮ್ಮ ಸಕ್ಕರೆ ಕಾಯಿಲೆಯ ಗುಳಿಗೆಯ ಜೊತೆಗೆ ಹೂವಿನ ಚಹಾ ಕುಡಿಯುತ್ತ, ಮಗಳು ಕಂಡುಹಿಡಿದದ್ದು ಎಂದು ಬೀದಿಗೆಲ್ಲ ಹೇಳಿದರು.

2019ರ ಶ್ರಾವಣದಲ್ಲಿ, ಕೆಲಸ ಸಿಕ್ಕ ಸಂತೋಷಕ್ಕೆ ಅಪ್ಪ ಅವ್ವನನ್ನು ಕರೆದುಕೊಂಡು ಮಲ್ಕಾಜ್‌ಗಿರಿಯ ಮಂಟಪಕ್ಕೆ ಹೋದೆ. ಅಮರಯ್ಯನವರ ಕೈಯಿಂದ ಹುಗ್ಗಿ ಹಾಕಿಸಿಕೊಂಡು ಉಣ್ಣಬೇಕು, ಕಾಲು ಮುಟ್ಟಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಪಂಕ್ತಿಯಲ್ಲಿ ಕೂತೆವು. ಸೌಟು ಹಿಡಿದು ಬಂದವನು ಯಾರೋ ಬೇರೆ. ಪರಿಚಯದವರ ತಟ್ಟೆಗೆ ಎರಡೆರಡು ಸೌಟು ಸುರಿಯುತ್ತಿದ್ದ. ರೊಟ್ಟಿಯ ಬುಟ್ಟಿ ಹಿಡಿದು ಬಂದ ಗದಿಗೆಮ್ಮನವರನ್ನು, ಅವರೆಲ್ಲಿ ಎಂದು ಕೇಳಿದೆ.

'ಹಿಂದ ಮುಸುರಿ ತಿಕ್ಕಾಕತ್ತಾರವ್ವಾ. ಸೌಟು ಬಿಟ್ಟು ಎರಡು ವರ್ಷದ ಮ್ಯಾಲಾತು. ಅಧ್ಯಕ್ಷರು ಮನೀತನಕ ಬಂದು ಕೈಮುಗದ್ರು, ಒಲ್ಲೆ ಅಂದ್ರು. ಯಾಕ ಅಂದ್ರ ನನಗೂ ಹೇಳಂಗಿಲ್ಲ.'

 ತಟ್ಟೆ ಬಿಟ್ಟು ಎದ್ದು ಹಿಂದಕ್ಕೆ ಹೋದೆ. ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಅಂಗಿಯ ತೋಳು ಮಡಚಿ ಸ್ಟೀಲು ತಟ್ಟೆಗಳನ್ನು ತಿಕ್ಕುತ್ತಿದ್ದರು. ನನ್ನನ್ನು ನೋಡಿ ಮುಖವೆಲ್ಲ ನಗುವಾದರು.

'ಅಕ್ಕಾರ! ಡಾಕ್ಟ್ರ ಆದ್ರಂತ! ಊಟಾ ಆತೇನ್ರಿ?'

'ಸೌಟು ಯಾಕ ಬಿಟ್ರಿ?' ಎಂದು ಕೇಳಿದೆ.

ಅವರ ನಗು ನಿಂತಿತು. ಕೈಯಲ್ಲಿದ್ದ ತಟ್ಟೆಯನ್ನು ತೊಳೆದು ಪಕ್ಕಕ್ಕಿಟ್ಟರು.

'ಯಾರರ ಬ್ಯಾಡ ಅಂದ್ರೇನು? ಯಾರಂದ್ರು ಹೇಳ್ರಿ, ನಾನು ನೋಡ್ಕೋತೀನಿ!' ನನ್ನ ಕೆಟ್ಟ ಬಾಯಿ ಅಲ್ಲಿಯೂ ಏರಿತು.

'ಯಾರೂ ಅಂದಿಲ್ರಿ. ನಲವತ್ತೈದು ದಿನಾ ಒಂದ ಪಂಕ್ತ್ಯಾಗ ಭೇದ ಮಾಡೀನಿ. ಮಂದಿಗೆ ಗೊತ್ತಿಲ್ಲ. ನನಗ ಗೊತ್ತೈತಲ್ರಿ. ಮತ್ತ ಆ ಸೌಟು ಹ್ಯಾಂಗ ಹಿಡೀಲಿ?'

'ಮಾಡಿಸಿದಾಕಿ ನಾನ್ರಿ! ಪಾಪ ಇದ್ರ ನಂದು!'

'ಹೇಳಿದವ್ರು ನೀವು, ಖರೆ' ಎಂದರು. ತಮ್ಮ ಒದ್ದೆ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. 'ಕೈ ನಂದಲ್ರಿ.'

 ಸೆರಗು ಸಿಕ್ಕಿಸಿಕೊಂಡು ಅವರ ಪಕ್ಕದಲ್ಲಿ ಕೂತೆ. ಒಳಗೆ ಪಂಕ್ತಿ ಎದ್ದಿತ್ತು, ಎಂಜಲು ತಟ್ಟೆಗಳ ರಾಶಿ ಬಂದು ಬಿತ್ತು. ಬೇಡ ಎನ್ನುತ್ತಾರೆ, ಎಬ್ಬಿಸಿ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ರಾಶಿಯನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದನ್ನು ನನ್ನ ಕಡೆಗೆ ಸರಿಸಿದರು.